ಅಯ್ಯನವರ ಕರಡಿಗೆ

ಚನ್ನಬಸಯ್ಯನವರ ಮೇಲೆ ರುದ್ರಪ್ಪನವರಿಗೆ ಸಂಶಯ ಬಂದದ್ದು ಒಂದೇ ದಿನಕ್ಕಲ್ಲ. ಧೋತರದ ಮೇಲೆ ಬಿದ್ದ ಎಣ್ಣೆಯ ಹನಿ ಮೊದಲು ಚುಕ್ಕೆಯಷ್ಟು ಕಂಡು, ಆಮೇಲೆ ನೋಡನೋಡುತ್ತ ಅಂಗೈಯಗಲ ಹಬ್ಬುವ ಹಾಗೆ ಅದು ಹಬ್ಬಿತು.

ಮೊದಲ ಹನಿ ಬಿದ್ದದ್ದು ರುದ್ರಪ್ಪನವರ ಹೆಂಡತಿ ಗಿರಿಜಾ ಅವರ ಮಣ್ಣಿನ ದಿನ. ೨೦೧೭ರ ಫೆಬ್ರವರಿ. ಟೊರಾಂಟೊ ಬಳಿಯ ಪಿಕರಿಂಗ್‌ನಲ್ಲಿ ಹಿಮ ಬಿದ್ದು ಬಿದ್ದು ರಸ್ತೆಯ ಎರಡೂ ಬದಿಗೆ ಎದೆಯೆತ್ತರ ಗುಡ್ಡೆಯಾಗಿತ್ತು. ರುದ್ರಪ್ಪನವರದು ರೋಣ ತಾಲೂಕಿನ ಲಿಂಗವಂತರ ಮನೆತನ. ಅವರಲ್ಲಿ ಚಿಕ್ಕಂದಿನಲ್ಲಿ ಕಟ್ಟಿಸಿಕೊಂಡ ಇಷ್ಟಲಿಂಗವನ್ನು ಕೊನೆಯ ಉಸಿರಿನ ತನಕ ಕೊರಳಿನಿಂದ ಅಗಲಿಸುವುದಿಲ್ಲ. ದಿನಾ ಬೆಳಿಗ್ಗೆ ಅದನ್ನು ಬೆಳ್ಳಿಯ ಕರಡಿಗೆಯಿಂದ ತೆಗೆದು ಎಡ ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ಬಾಯಿಗೆ ನೀರು. ಸತ್ತ ಮೇಲೆ ಅದೇ ಲಿಂಗವನ್ನು ಅದೇ ಅಂಗೈಯಲ್ಲಿಟ್ಟು, ಕೂಡಿಸಿ ಮಣ್ಣು ಮಾಡಬೇಕು. ಈ ದೇಶದಲ್ಲಿ ಕೂಡಿಸಲಿಕ್ಕೆ ಬರುವುದಿಲ್ಲ, ಪೆಟ್ಟಿಗೆಯಲ್ಲಿ ಮಲಗಿಸಬೇಕು ಎಂದು ಮಗಳು ದ್ರಾಕ್ಷಾಯಿಣಿ ಅಳುತ್ತ ಹೇಳಿದಾಗ ರುದ್ರಪ್ಪನವರು, "ಮಲಗಿಸ್ರಿ ಯವ್ವಾ. ಆದರ ಲಿಂಗ ಮಾತ್ರ ಅಕೀ ಕೈಯಾಗ ಇರಲಿ. ಅಷ್ಟಾದರ ನನಗ ಬ್ಯಾರೇ ಏನೂ ಬ್ಯಾಡ," ಎಂದಿದ್ದರು.

ಆ ಕೆಲಸಕ್ಕೆ ಬಂದವರು ಚನ್ನಬಸಯ್ಯನವರು. ಸವದತ್ತಿ ಕಡೆಯ ಜಂಗಮರು. ಟೊರಾಂಟೊಗೆ ಬಂದು ಮುದ್ರಣಾಲಯದಲ್ಲಿ ದುಡಿದು ನಿವೃತ್ತರಾಗಿ ಯೂನಿಯನ್‌ವಿಲ್‌ನಲ್ಲಿ ಮಗನ ಮನೆಯಲ್ಲಿದ್ದರು. ಸುತ್ತಮುತ್ತಲಿನ ಲಿಂಗವಂತರ ಮನೆಗಳಲ್ಲಿ ತೊಟ್ಟಿಲಿಗೂ ಅವರೇ, ಮಣ್ಣಿಗೂ ಅವರೇ. ಶವಾಗಾರದ ಒಳಕೋಣೆಗೆ ರುದ್ರಪ್ಪನವರೂ ಹೋಗಬೇಕಾಗಿತ್ತು. ಹೊಸ್ತಿಲಲ್ಲಿ ಚೌಕಟ್ಟು ಹಿಡಿದು ನಿಂತುಬಿಟ್ಟರು. ಅಳಿಯ ಹಿಡಿದು ಹೊರಗಿನ ಸೋಫಾದಲ್ಲಿ ಕೂಡಿಸಿದ. ಹೀಗಾಗಿ ಒಳಗೆ ಚನ್ನಬಸಯ್ಯನವರು ಒಬ್ಬರೇ. ಅವರು ಹೊರಬಂದು ಗಿರಿಜಾ ಅವರ ಬರಿದಾದ ಕರಡಿಗೆಯನ್ನು ರುದ್ರಪ್ಪನವರ ಕೈಗಿಟ್ಟರು.

"ಲಿಂಗಾ ಕೊಟ್ರೇನ್ರೀ ಅಯ್ಯಾರ ಅಕೀ ಕೈಯಾಗ?"

"ಕೊಟ್ಟೀನ್ರಿ."

ಕೊಟ್ಟೀನಿ ಎಂದದ್ದೇನೋ ಸರಿ. ಆದರೆ ಗೋಡೆಯ ಕಡೆ ನೋಡುತ್ತ ಎಂದರು. ಆ ಹೊತ್ತಿಗೆ ಪೆಟ್ಟಿಗೆಯ ಮುಚ್ಚಳ ಬಿದ್ದಾಗಿತ್ತು.

ಆವತ್ತು ರುದ್ರಪ್ಪನವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹೆಂಗಸೊಬ್ಬಳ ಹೆಣದ ಮುಂದಿನಿಂದ ಎದ್ದು ಬಂದ ಮನುಷ್ಯ ಎದುರಿಗಿನವನ ಮುಖ ನೋಡಲೇಬೇಕೆಂಬ ಕಾನೂನಿಲ್ಲ. ಆದರೆ ಮುಂದಿನ ಶನಿವಾರಗಳಲ್ಲಿ ಇನ್ನಷ್ಟು ಹನಿಗಳು ಬಿದ್ದವು.

ಶನಿವಾರವೆಂದರೆ ಅವರ ನಡಿಗೆಯ ದಿನ. ರುದ್ರಪ್ಪನವರು, ಗಿರಿಜಾ, ಚನ್ನಬಸಯ್ಯನವರು, ಜೊತೆಗೆ ಮೈಸೂರಿನ ವೇಣುಗೋಪಾಲ ಮತ್ತು ಅವರ ಹೆಂಡತಿ ರತ್ನಾ. ವೇಣುಗೋಪಾಲರು ಪಿಕರಿಂಗ್‌ನ ಅಣುವಿದ್ಯುತ್ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮಾತಿಗೊಂದು ಚೇಷ್ಟೆ. ಚಳಿಗಾಲದಲ್ಲಿ ಮಾಲ್‌ನೊಳಗೆ, ಬೇಸಿಗೆಯಲ್ಲಿ ಸರೋವರದ ದಂಡೆಗೆ ಅಥವಾ ಕಾಡಿನ ಹಾದಿಯಲ್ಲಿ ಈ ಐವರೂ ನಡೆಯುತ್ತಿದ್ದರು. ನಡಿಗೆ ಮುಗಿಸಿ ವೇಣುಗೋಪಾಲರ ಮನೆಗೆ ಹೋದರೆ, ರತ್ನಾ ಉಪ್ಪಿಟ್ಟು ಮಾಡುವಷ್ಟರಲ್ಲಿ ಮೂವರು ಲಿಂಗವಂತರು ಸಾಲಾಗಿ ಕೂತು ಪೂಜೆ ಮುಗಿಸುವುದು ವಾಡಿಕೆ. ಗಿರಿಜಾ ಹೋದ ಮೇಲೆ ಆ ಸಾಲಿನಲ್ಲಿ ರುದ್ರಪ್ಪನವರು ಒಬ್ಬರೇ ಉಳಿದರು. "ನಂದು ಮನ್ಯಾಗ ಮುಗಿಸ್ಕೊಂಡು ಬಂದೀನ್ರಿ," ಎನ್ನತೊಡಗಿದರು ಚನ್ನಬಸಯ್ಯನವರು. ಒಂದು ಶನಿವಾರವಾದರೆ ಸರಿ, ಎರಡಾದರೂ ಸರಿ. ಪ್ರತಿ ಶನಿವಾರವೂ?

ಅಷ್ಟೇ ಅಲ್ಲ. ಮಣ್ಣಿನ ದಿನದ ಮಾತು ತೆಗೆದರೆ ಅಯ್ಯನವರಿಗೆ ತಟ್ಟನೆ ಕೆಮ್ಮು ಬರುತ್ತಿತ್ತು. "ಅವತ್ತ ಒಳಗ ಏನೇನ್ ಮಾಡಿದ್ರಿ, ಹೇಳ್ರಲ್ಲ," ಎಂದು ಕೇಳಿದರೆ, "ಮಾಡೂದೆಲ್ಲಾ ಮಾಡೇನ್ರಿ," ಎಂದು ಚಹಾದ ಬಟ್ಟಲು ತೊಳೆಯಲು ಏಳುತ್ತಿದ್ದರು.

ರುದ್ರಪ್ಪನವರ ತಲೆಯಲ್ಲಿ ಹುಳ ಹೊಕ್ಕಿತು. ಒಳಗಿನವರು ಲಿಂಗ ಇಡಲು ಬಿಡಲಿಲ್ಲವೇ? ಗಡಿಬಿಡಿಯಲ್ಲಿ ಎಲ್ಲಿಯೋ ಬಿದ್ದುಹೋಯಿತೇ? ಇಡುವುದನ್ನೇ ಮರೆತು ಜೇಬಿನಲ್ಲಿ ಹಾಕಿಕೊಂಡು ಬಂದರೇ? ಹಾಗಾಗಿದ್ದರೆ ಗಿರಿಜಾ ಬರಿಗೈಲಿ ಹೋದಳು. ಮದುವೆಯಾದಂದಿನಿಂದ ಒಂದು ದಿನವೂ ಪೂಜೆ ತಪ್ಪಿಸದವಳು, ಜ್ವರ ಬಂದಾಗಲೂ ಗೋಡೆಗೆ ಒರಗಿ ಕೂತು ಅಂಗೈ ನೋಡಿದವಳು, ಶಿವನ ಬಾಗಿಲಲ್ಲಿ ಆ ಅಂಗೈ ಬಿಚ್ಚಿದಾಗ ಅದರಲ್ಲಿ ಏನೂ ಇಲ್ಲ! ಊಟಕ್ಕೆ ಕೂತಾಗ ಈ ಚಿತ್ರ ಕಣ್ಣಿಗೆ ಕಟ್ಟಿ ರುದ್ರಪ್ಪನವರು ತುತ್ತು ಬಿಟ್ಟು ಏಳುತ್ತಿದ್ದರು. ಅಪ್ಪನಿಗೆ ಅಮ್ಮನ ನೆನಪು ಎಂದು ಮಗಳು ತಿಳಿದಿದ್ದಳು. ನೆನಪೂ ಹೌದು. ಆದರೆ ನೆನಪು ಹೀಗೆ ಕುಟುಕುವುದಿಲ್ಲ.

ನೇರವಾಗಿ ಕೇಳಿಬಿಡಬಹುದಾಗಿತ್ತು. ಆದರೆ ತಾವೇ ಕಾಲಿಗೆ ಹಣೆ ಹಚ್ಚಿದ ಜಂಗಮನನ್ನು ನಿಲ್ಲಿಸಿ, ನೀ ಸುಳ್ಳು ಹೇಳಿದಿ ಎನ್ನುವುದು ಹೇಗೆ? ಅಷ್ಟಕ್ಕೂ ಅವರು ಹೌದು ಎಂದುಬಿಟ್ಟರೆ? ಮಣ್ಣು ತೆಗೆಸಲಿಕ್ಕೆ ಬರುತ್ತದೆಯೇ? ಈ ಅಂಜಿಕೆಯಿಂದ ಬಾಯಿ ಕಟ್ಟಿಕೊಂಡೇ ವಸಂತ ಕಳೆಯಿತು.

ಅಷ್ಟರಲ್ಲಿ ಪಶ್ಚಿಮದ ಪರ್ವತಗಳ ಪ್ರವಾಸ ಬಂತು. ಅದು ಗಿರಿಜಾ ಅವರದೇ ಹುಚ್ಚು. ಜೂನ್ ಆರಂಭದಲ್ಲಿ ಬ್ಯಾನ್ಫ್ ಕಡೆಯ ಬೆಟ್ಟಗಳ ಮೇಲೆ ಇನ್ನೂ ಹಿಮವಿರುತ್ತದೆ, ಬಿಸಿಲಿನಲ್ಲಿ ಹಿಮದ ಹಾದಿ ತುಳಿಯಬಹುದು ಎಂದು ಯಾರೋ ಹೇಳಿದ್ದನ್ನು ಹಿಡಿದುಕೊಂಡು, "ಕೈಲಾಸ ಅಂತೂ ಆಗಲಿಲ್ಲ, ಇದನ್ನರೆ ನೋಡೂಣು," ಎಂದು ಸಂಕ್ರಾಂತಿಯ ಹೊತ್ತಿಗೆ ಐವರಿಗೂ ವಿಮಾನದ ಟಿಕೆಟ್ ಮಾಡಿಸಿದ್ದರು. ರುದ್ರಪ್ಪನವರು ಒಲ್ಲೆನೆಂದು ಕೂತರು. ರತ್ನಾ ಮನೆಗೇ ಬಂದರು.

"ನೀವು ಬರ್ಲಿಲ್ಲಾಂದ್ರೆ ಗಿರಿಜಕ್ಕ ನನ್ನ ಸುಮ್ನೆ ಬಿಡ್ತಾರಾ? ಕನಸಲ್ಲಿ ಬಂದು ಬೈತಾರೆ. ಚನ್ನಬಸಯ್ನೋರೂ ಮೊದ್ಲು ಬೇಡ ಬೇಡ ಅಂದ್ರು, ಈಗ ಹೂಂ ಅಂದಿದಾರೆ. ನಿಮ್ಮಿಬ್ರಿಗೂ ಒಂದೇ ರೂಮು ಹಾಕಿದೀನಿ."

"ಒಂದೇ ರೂಮ್ ಏನ್ರೀ?" ರುದ್ರಪ್ಪನವರು ಕತ್ತೆತ್ತಿದರು. "ಹಂಗಾದರ ಬರ್ತೀನಿ ತಗೋರಿ."

ಸ್ನೇಹಿತನ ಜೊತೆ ಇದ್ದರೆ ಮನುಷ್ಯ ಹಗುರಾಗುತ್ತಾನೆ ಎಂದು ರತ್ನಾ ಸಮಾಧಾನ ಪಟ್ಟುಕೊಂಡು ಹೋದರು. ರುದ್ರಪ್ಪನವರ ಲೆಕ್ಕಾಚಾರ ಬೇರೆಯಿತ್ತು. ಒಂದೇ ಕೋಣೆಯಲ್ಲಿದ್ದರೆ ಅಯ್ಯನವರು ಪೂಜೆಯನ್ನು ಎಲ್ಲಿ ಅಡಗಿಸುತ್ತಾರೆ? ಪೂಜೆಗೆ ಕೂತಾಗ ಮುಖ ನೋಡಬೇಕು. ಲಿಂಗದ ಮುಂದೆ ಜಂಗಮ ಸುಳ್ಳು ಹೇಳಲಾರ.

ಬೆಟ್ಟದ ಬುಡದ ವಸತಿಗೃಹದಲ್ಲಿ ಮೊದಲ ಬೆಳಿಗ್ಗೆ ರುದ್ರಪ್ಪನವರು ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ನೆಲದ ಮೇಲೆ ಎರಡು ಟವಲು ಹಾಸಿ ಕಾದರು. ಚನ್ನಬಸಯ್ಯನವರು ಎದ್ದರು. ತಟ್ಟೆ, ತಂಬಿಗೆ, ವಿಭೂತಿ ಗಟ್ಟಿಗಳ ಚೀಲ ತೆಗೆದುಕೊಂಡರು. ನೇರ ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು.

ಸ್ನಾನಕ್ಕಿರಬೇಕು ಎಂದುಕೊಂಡರು ರುದ್ರಪ್ಪನವರು. ನೀರಿನ ಸದ್ದು ನಿಂತಿತು. ಆದರೆ ಮನುಷ್ಯ ಹೊರಗೆ ಬರಲಿಲ್ಲ. ರುದ್ರಪ್ಪನವರು ಎದ್ದು ಹೋಗಿ, ಮಾಡಬಾರದ ಕೆಲಸವೆಂದು ಗೊತ್ತಿದ್ದೂ, ಬಾಗಿಲಿಗೆ ಕಿವಿ ಕೊಟ್ಟರು. ಒಳಗೆ ಓಂ ನಮಃ ಶಿವಾಯ. ಪಿಸುದನಿಯಲ್ಲಿ, ಕಳ್ಳರು ಮಾತಾಡಿಕೊಳ್ಳುವ ಹಾಗೆ.

ಕಮೋಡಿನ ಬದಿಯಲ್ಲಿ ಕೂತು ಜಂಗಮನೊಬ್ಬ ಲಿಂಗಪೂಜೆ ಮಾಡುತ್ತಾನೆಂದರೆ, ಅವನು ಮುಚ್ಚುತ್ತಿರುವುದು ಸಣ್ಣದಲ್ಲ.

ಅಯ್ಯನವರು ಹೊರಬಂದಾಗ ರುದ್ರಪ್ಪನವರು ಹಾಸಿದ್ದ ಟವಲುಗಳನ್ನು ಮಡಚುತ್ತಿದ್ದರು.

"ನಿಮ್ಮದು ಪೂಜಾ ಆತೇನ್ರೀ ಅಪ್ಪಾರ?" ಎಂದು ಕೇಳಿದರು ಚನ್ನಬಸಯ್ಯನವರು.

"ಇಲ್ರಿ. ಇವತ್ತ ಮ್ಯಾಲ ಗುಡ್ಡದಾಗ ಮಾಡಾವದೀನಿ."

ಆ ಕ್ಷಣದಲ್ಲಿಯೇ ಅವರು ನಿಶ್ಚಯಿಸಿದ್ದರು. ಪೂಜೆಯಾಗದೆ ನೀರಿಲ್ಲ. ನೀರಿಲ್ಲದೆ ಹತ್ತುತ್ತೇನೆ. ಈ ಮನುಷ್ಯ ನನ್ನೆದುರು ಕರಡಿಗೆ ತೆರೆಯುವ ತನಕ ತುಟಿ ತೋಯಿಸುವುದಿಲ್ಲ. ಇದರ ಮೇಲೆ ಶಿವನಿಚ್ಛೆ.

ಹಾದಿಯ ಬುಡದಲ್ಲಿ ರತ್ನಾ ಎಲ್ಲರ ಬೂಟಿಗೂ ಬಾಡಿಗೆಗೆ ತಂದ ಮೊಳೆಪಟ್ಟಿ ಕಟ್ಟಿಸಿದರು. ಹಿಮದಲ್ಲಿ ಜಾರದ ಹಾಗೆ ಅಡಿಯಲ್ಲಿ ಮೊನೆಗಳಿರುವ ರಬ್ಬರಿನ ಪಟ್ಟಿ ಅದು.

"ಬಾಯಲ್ಲಿ ಹಲ್ಲು ಉದುರೋ ವಯಸ್ಸಲ್ಲಿ ಕಾಲಿಗೆ ಹಲ್ಲು ಬಂತು ನೋಡ್ರಪ್ಪ," ಎಂದರು ವೇಣುಗೋಪಾಲರು.

"ನೀವು ಮಾತು ಕಡಿಮೆ ಮಾಡಿ ಉಸಿರು ಉಳಿಸ್ಕೊಳ್ಳಿ. ಮೇಲೆ ಬೇಕಾಗತ್ತೆ," ಎಂದರು ರತ್ನಾ.

ಪಿಕರಿಂಗ್‌ನಲ್ಲಿ ಅವರು ಹೊರಟಾಗ ವಸಂತದಲ್ಲಿ ಅರಳಿದ ಲೈಲಾಕ್ ಹೂವು ಬಾಡುತ್ತಿತ್ತು, ಮಕ್ಕಳು ಚಡ್ಡಿಯಲ್ಲಿ ಓಡುತ್ತಿದ್ದರು. ಇಲ್ಲಿ ಬಿಸಿಲೇನೋ ಅದೇ ಬೇಸಿಗೆಯದು, ಹೆಗಲು ಸುಡುವಂಥದು. ಆದರೆ ಅರ್ಧ ತಾಸಿನ ಏರು ಕಳೆಯುವಷ್ಟರಲ್ಲಿ ಕೆಸರು ಹೋಗಿ ಮಂಜುಗಡ್ಡೆ ಬಂತು, ಮಂಜುಗಡ್ಡೆ ಹೋಗಿ ಮೊಳಕಾಲುದ್ದದ ಹಿಮ ಬಂತು. ನೂರಾರು ಜನ ತುಳಿದು ನಡುವೆ ಒಂದು ಗಟ್ಟಿ ಹಾದಿಯಾಗಿತ್ತು. ಅದರಿಂದ ಒಂದು ಹೆಜ್ಜೆ ಆಚೆ ಇಟ್ಟರೆ ಮೊಳಕಾಲವರೆಗೆ ಹೂತುಹೋಗುವುದು. ದೇವದಾರಿನಂಥ ಮರಗಳಿಂದ ನೀರು ತಟತಟ ತೊಟ್ಟಿಕ್ಕುತ್ತಿತ್ತು. ಎಲ್ಲಿ ನೋಡಿದರೂ ನೀರು. ರುದ್ರಪ್ಪನವರ ನಾಲಿಗೆ ಮಾತ್ರ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು.

ಅವರು ಬೇಕೆಂದೇ ಚನ್ನಬಸಯ್ಯನವರ ಹಿಂದೆ ನಡೆದರು. ಎಲ್ಲರೂ ಜಾಕೆಟ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡರೂ ಅಯ್ಯನವರು ಕೊರಳ ತನಕ ಜಿಪ್ಪು ಎಳೆದುಕೊಂಡೇ ಬೆವರುತ್ತಿದ್ದರು. ನಡುನಡುವೆ ಎದೆಯ ಮೇಲೆ ಕೈಯಿಟ್ಟು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಇದ್ದದ್ದು ಇದೆಯೋ ಎಂದು ನೋಡುವವರ ಹಾಗೆ. ಒಂದೆರಡು ಸಲ ಹಿಂತಿರುಗಿ ನೋಡಿ, ರುದ್ರಪ್ಪನವರ ಕಣ್ಣು ತಮ್ಮ ಮೇಲೇ ಇರುವುದನ್ನು ಕಂಡು, ಮತ್ತೆ ಮುಂದೆ ನೋಡಿದರು.

ಒಂದು ತಿರುವಿನಲ್ಲಿ ರತ್ನಾ ನಿಂತು ಎಲ್ಲರಿಗೂ ಬಾಟಲಿ ಕೊಟ್ಟರು.

"ರುದ್ರಪ್ನೋರೆ, ಬೆಳಗಿಂದ ನೀವು ಒಂದು ಗುಟುಕೂ ಕುಡ್ದಿಲ್ಲ. ನಾನು ನೋಡ್ತಾನೇ ಇದೀನಿ."

"ಪೂಜಾ ಆಗಿಲ್ರಿ ರತ್ನಮ್ಮಾರ."

"ಯಾಕಾಗಿಲ್ಲ?"

"ಅಯ್ಯಾರ ಸಂಗಾಟ ಮಾಡಬೇಕಂತ ಇಟಗೊಂಡೀನಿ. ಮೊದಲೆಲ್ಲಾ ಕೂಡೇ ಮಾಡ್ತಿದ್ದಿವಲ್ಲ."

ಚನ್ನಬಸಯ್ಯನವರ ಮುಖ ಇಳಿಯಿತು. "ನಂದು ಮುಂಜಾನೇ ಆಗೇತ್ರಿ ಅಪ್ಪಾರ."

"ಇನ್ನೊಮ್ಮೆ ಮಾಡ್ರಿ. ಎರಡನೇ ಸಲ ನೀರು ಹಾಕಿದ್ರ ಶಿವಗ ಥಂಡಿ ಆಕ್ಕೈತೇನು?"

"ಅಪ್ಪಾರ, ಹಟಾ ಮಾಡಬ್ಯಾಡ್ರಿ. ನಿಮಗ ಬಿ.ಪಿ. ಐತಿ."

"ನನ್ನ ಬಿ.ಪಿ. ಚಿಂತಿ ನಿಮಗ್ಯಾಕ? ನಡೀರಿ."

ವೇಣುಗೋಪಾಲರು ಹೆಂಡತಿಯ ಮುಖ ನೋಡಿದರು. "ಇದೇನೋ ಒಳಜಗಳ ಕಣೇ," ಎಂದು ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು.

ಮುಂದಿನ ಏರು ಕಡಿದಾಗಿತ್ತು. ಕೆಳಗಿಳಿಯುವ ಹುಡುಗ ಹುಡುಗಿಯರು ಕೂತು ಜಾರುತ್ತ, ಕಿರುಚುತ್ತ, ನಗುತ್ತ ಹೋಗುತ್ತಿದ್ದರು. ಒಬ್ಬಳು ರುದ್ರಪ್ಪನವರ ಹಣೆಯ ವಿಭೂತಿ ನೋಡಿ ಹೆಬ್ಬೆರಳೆತ್ತಿ ತೋರಿಸಿ ಹೋದಳು. ಹಿಮದ ಬಿಳುಪು ಕಣ್ಣಿಗೆ ಚುಚ್ಚುತ್ತಿತ್ತು. ಚುಚ್ಚುತ್ತ ಚುಚ್ಚುತ್ತ ಅದು ಒಮ್ಮೆಲೇ ಹಳದಿಯಾಯಿತು, ಆಮೇಲೆ ಕಪ್ಪಾಯಿತು. ರುದ್ರಪ್ಪನವರು ಹಾದಿಯ ಬದಿಗೆ ಬಿದ್ದಿದ್ದ ಒಂದು ಮರದ ದಿಮ್ಮಿ ಹಿಡಿದು ಕುಕ್ಕರಿಸಿದರು.

"ಅಯ್ಯೋ ರಾಮ!" ರತ್ನಾ ಓಡಿಬಂದು ಬಾಟಲಿಯ ಮುಚ್ಚಳ ತಿರುವಿದರು. "ಕುಡೀರಿ ಮೊದ್ಲು. ದೇವರಿಗೆ ಆಮೇಲೆ ತಪ್ಪು ಕೇಳಿದ್ರಾಯ್ತು."

ರುದ್ರಪ್ಪನವರು ತುಟಿ ಬಿಗಿಹಿಡಿದರು.

"ಹೆಲಿಕಾಪ್ಟರ್ ಕರೆಸ್ಬೇಕಾಗತ್ತೆ ಸ್ವಾಮಿ," ಎಂದರು ವೇಣುಗೋಪಾಲರು. ಈ ಸಲ ಅವರ ದನಿಯಲ್ಲಿ ಚೇಷ್ಟೆ ಇರಲಿಲ್ಲ. "ಚನ್ನಬಸಯ್ನೋರೆ, ನಿಮ್ಮ ದಮ್ಮಯ್ಯ, ಅದೇನು ಪೂಜೆಯೋ ಮಾಡ್ಬಿಡ್ರಿ ಅತ್ಲಾಗೆ."

"ಅಯ್ಯಾರು ಕರಡಿಗಿ ತಗೀಲಿ. ಕುಡೀತೀನಿ," ಎಂದರು ರುದ್ರಪ್ಪನವರು. ದನಿ ಒಣ ಎಲೆಯ ಹಾಗಿತ್ತು. "ಇಲ್ಲಾಂದ್ರ ನಾನೂ ಗಿರಿಜಾನ ಹಂಗ ಬರಿಗೈಲೆ ಹೊಂಟ್ನಿ ಅಂತ ತಿಳೀರಿ."

ಬರಿಗೈ ಎಂಬ ಮಾತು ಕೇಳಿ ಚನ್ನಬಸಯ್ಯನವರು ಕಲ್ಲಾದರು. ಆಮೇಲೆ ವೇಣುಗೋಪಾಲರ ಕಡೆ ತಿರುಗಿ ಕೈಮುಗಿದರು. "ನೀವಿಬ್ಬರೂ ಒಂಚೂರು ಆ ತಿರುವಿನ ತನಕಾ ಹೋಗಿರ್ರಿ. ಅಪ್ಪಾರಿಗೆ ನಾ ನೀರು ಕುಡಸ್ತೀನಿ."

ರತ್ನಾ ಬಾಟಲಿಯನ್ನು ದಿಮ್ಮಿಯ ಮೇಲಿಟ್ಟು, ಹೋದರು. ಹೋದರೂ ಕಣ್ಣಳತೆಯಲ್ಲಿಯೇ ನಿಂತರು.

ಚನ್ನಬಸಯ್ಯನವರು ಹಿಮದ ಮೇಲೆ ತಮ್ಮ ಜಾಕೆಟ್ ಹಾಸಿ ಪದ್ಮಾಸನ ಹಾಕಿ ಕೂತರು. ಕೊರಳಿನ ಶಿವದಾರದಿಂದ ಕರಡಿಗೆ ಬಿಡಿಸಿದರು. ಅವರದೇ ಕರಡಿಗೆ, ರುದ್ರಪ್ಪನವರು ಎಷ್ಟೋ ಶನಿವಾರ ನೋಡಿದ್ದು. ಮುಚ್ಚಳ ತೆಗೆದು, ವಸ್ತ್ರ ಬಿಚ್ಚಿ, ಒಳಗಿದ್ದುದನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೈಯನ್ನು ಮುಂದಕ್ಕೆ ಚಾಚಿದರು.

ಸುತ್ತಲೂ ಬೆಳ್ಳಗಿನ ಲೋಕ. ಅದರ ನಡುವೆ ಅಂಗೈಯಲ್ಲಿ ಕರ್ರಗಿನ ಲಿಂಗ. ಮೇಲೆ ಮೆತ್ತಿದ ಕಪ್ಪು ಕಂತಿಯ ಒಂದು ಮಗ್ಗುಲು ತುಸು ತಗ್ಗು. ಅಲ್ಲಿ ಗಿರಿಜಾ ಅವರ ಹೆಬ್ಬೆರಳು ಕೂಡುತ್ತಿತ್ತು. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ನೋಡಿದ್ದನ್ನು ರುದ್ರಪ್ಪನವರ ಕಣ್ಣು ಮರೆಯುವ ಹಾಗಿರಲಿಲ್ಲ.

"ಇದು ಅಕೀದು," ಎಂದರು. ಕೂಗಿ ಹೇಳಬೇಕೆಂದುಕೊಂಡದ್ದು ಬರೀ ಉಸಿರಾಗಿ ಬಂತು. "ಹಂಗಾದ್ರ ನನ್ನ ಸಂಶೆ ಖರೇ ಆತು. ಕೊಡಲಿಲ್ಲ ನೀವು."

"ಕೊಟ್ಟೀನ್ರಿ. ನಂದು ಕೊಟ್ಟೀನಿ."

"ಏನು?"

"ನನ್ನ ಲಿಂಗ ಅಕ್ಕಾರ ಕೈಯಾಗ ಐತ್ರಿ." ಚನ್ನಬಸಯ್ಯನವರ ಕಣ್ಣಿನಿಂದ ನೀರು ಇಳಿದು ಗಡ್ಡಕ್ಕೆ ಬಂತು. "ನನ್ನದನ್ನ ತೊಳದು ಅಕ್ಕಾರ ತುಟಿಗೆ ತೀರ್ಥಾ ಹಾಕಿದ್ದೆ. ಅಕ್ಕಾರದನ್ನ ಪೂಜಾ ಮಾಡಿ ಇಟ್ಟಿದ್ದೆ. ಎರಡೂ ಒಂದೇ ತಾಟಿನ್ಯಾಗ. ಕಣ್ಣಾಗ ನೀರು ತುಂಬಿ ಚಷ್ಮಾ ತಗದು ಕಿಸೇದಾಗ ಹಾಕೀನಿ. ಹೊರಗಿಂದ ಬಾಗಲಾ ಬಡದ್ರು. ಒಂದು ಅಕ್ಕಾರ ಕೈಯಾಗಿಟ್ಟು ಬೊಟ್ಟು ಮಡಚಿ ವಸ್ತ್ರ ಸುತ್ತಿದೆ, ಇನ್ನೊಂದು ನನ್ನ ಕರಡಿಗ್ಯಾಗ ಹಾಕ್ಕೊಂಡೆ. ಸಂಜಿಗೆ ಮನ್ಯಾಗ ಪೂಜಾಕ್ಕ ಕೂತು ಕರಡಿಗಿ ತಗದ್ರ..."

ಅವರು ಅಂಗೈಯಲ್ಲಿದ್ದ ಲಿಂಗವನ್ನು ಕಣ್ಣಿನಿಂದಲೇ ತೋರಿಸಿದರು.

ರುದ್ರಪ್ಪನವರಿಗೆ ಮೊದಲು ಬಂದದ್ದು ಸಿಟ್ಟು. ಆದರೆ ಸಿಟ್ಟಾಗಲಿಕ್ಕೂ ಬಾಯಲ್ಲಿ ಪಸೆ ಬೇಕು. ಎರಡನೆಯದಾಗಿ ಬಂದದ್ದು ಹಳೆಯ ಸಂಶಯವೇ. "ಅವತ್ತ ಹೊರಗ ನಾ ಕೇಳಿದಾಗ ಯಾಕ ಗೋಡಿ ಕಡೆ ಮಾರಿ ತಿರುವಿದ್ರಿ ಹಂಗಾದ್ರ? ಆವಾಗ ನಿಮಗ ಗೊತ್ತಿರಲಿಲ್ಲಲ್ಲ?"

"ಅಳಾಕತ್ತಿದ್ನಿರಿ. ಜಂಗಮ ಅಳೋದು ಭಕ್ತರು ನೋಡಬಾರದಂತ ನಮ್ಮಪ್ಪ ಹೇಳ್ತಿದ್ದ."

"ಆಮ್ಯಾಲರೆ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ ಅಪ್ಪಾರ? ಮಣ್ಣು ಮುಚ್ಚಿತ್ತು. ನಿಮ್ಮ ಮಾರಿ ನೋಡಿದ್ರ ಬಾಯಿ ಬರ್ತಿರಲಿಲ್ಲ. ಗುರುಗಳ ಕಡಿಂದ ಹೊಸದು ತರಿಸ್ಕೊಂಡು ಕಟ್ಕೋಬೇಕಿತ್ತು ಅಂತೀರಿ. ಕಟ್ಕೊಂಡ್ರ ಇದನ್ನೇನ್ ಮಾಡ್ಲಿ? ನೀರು ಪತ್ರಿ ಇಲ್ದ ಒಂದು ದಿನಾನೂ ಇಡಾಕ ಬರೂದಿಲ್ಲ. ಅದಕ್ಕ ಇದಕ್ಕೇ ನೀರು ಹಾಕ್ಕೊಂತ ಬಂದೀನಿ. ನಿಮ್ಮ ಮುಂದ ತಗದ್ರ ಗುರ್ತು ಹಿಡೀತೀರಿ ಅಂತ ಬಚ್ಚಲಾ ಹೊಕ್ಕೆ. ಅಲ್ಲಿ ಕೂತಾಗ ನನ್ನ ಜೀವಕ್ಕ ಎಷ್ಟ್ ಹೇಸಿಗಿ ಆತು ಅಂತ ಶಿವಗ ಗೊತ್ತು."

ರುದ್ರಪ್ಪನವರು ಅವರ ಮುಖವನ್ನೇ ನೋಡಿದರು. ಚೆನ್ನಾಗಿ ಹೊಂದುವ ಕತೆ. ಕತೆ ಹೊಂದುತ್ತದೆಂದೇ ನಂಬುವುದು ಹೇಗೆ? ಒಂದು ಲಿಂಗವೇನೋ ಇಲ್ಲಿದೆ. ಇನ್ನೊಂದು ಮಣ್ಣೊಳಗಿದೆ ಎಂಬುದಕ್ಕೆ ಈ ಮನುಷ್ಯನ ಬಾಯೊಂದೇ ಸಾಕ್ಷಿ. ಅದೂ ಎಲ್ಲಿಯೋ ಬಿದ್ದುಹೋಗಿದ್ದರೆ? ಅವಳ ಕೈ ಬರಿದಾಗಿಯೇ ಇದ್ದರೆ?

"ನಿಮ್ಮ ಕೈಯಾರ ಇಟ್ಟಿರೇನು? ಅಕೀ ಬೊಟ್ಟು ನೀವೇ ಮಡಚಿರೇನು?"

"ನಾನೇ ರಿ. ಒಂದೊಂದೇ ಮಡಚೀನಿ. ಕಿರಿಬೊಟ್ಟೊಂದು ಬಗ್ಗಲಿಲ್ಲ. ಒತ್ತಿದ್ರ ಅಕ್ಕಾರಿಗೆ ಎಲ್ಲಿ ನೋವಾಕ್ಕೈತೋ ಅನಿಸಿ ಅದನ್ನ ಹಂಗ ಬಿಟ್ಟು ವಸ್ತ್ರ ಸುತ್ತಿದೆ."

ರುದ್ರಪ್ಪನವರು ಕಣ್ಣು ಮುಚ್ಚಿದರು.

ಗಿರಿಜಾ ಅವರ ಎಡಗೈಯ ಕಿರುಬೆರಳು ಮದುವೆಯಾದ ಹೊಸದರಲ್ಲಿ ಒಳಕಲ್ಲಿನ ಗುಂಡಿನಡಿಗೆ ಸಿಕ್ಕಿ, ಎಲುಬು ಅಡ್ಡಾದಿಡ್ಡಿ ಕೂಡಿ, ಕಡ್ಡಿಯ ಹಾಗೆ ಸೆಟೆದುಕೊಂಡಿತ್ತು. ಮತ್ತೆಂದೂ ಬಗ್ಗಲಿಲ್ಲ. ಅದನ್ನು ಸೆರಗಿನೊಳಗೆ ಮರೆಸಿಕೊಳ್ಳುವುದು ಅವರ ಚಾಳಿ. ಮಗಳಿಗೂ ಬಹುಕಾಲ ತಿಳಿದಿರಲಿಲ್ಲ. ಆ ಅಂಗೈಯನ್ನು ಒಮ್ಮೆ ಮುಚ್ಚಲು ಹೋದವರಿಗೆ ಮಾತ್ರ ಅದು ಗೊತ್ತಾಗುವುದು.

ಅವಳ ಕೈ ಬರಿದಾಗಿರಲಿಲ್ಲ.

ರುದ್ರಪ್ಪನವರು ದಿಮ್ಮಿಯಿಂದ ಇಳಿದು ಅದೇ ಜಾಕೆಟ್ಟಿನ ಮೇಲೆ, ಅಯ್ಯನವರ ಭುಜಕ್ಕೆ ಭುಜ ತಾಗಿಸಿ ಕೂತರು. ತಮ್ಮ ಕರಡಿಗೆ ಬಿಚ್ಚಿದರು. ಬಾಟಲಿಯ ನೀರನ್ನು ಮೊದಲು ತಮ್ಮ ಅಂಗೈಗೆ ಹಾಕಿಕೊಂಡರು, ಆಮೇಲೆ ಪಕ್ಕದ ಅಂಗೈಗೆ. ವಿಭೂತಿ ಹಚ್ಚಿದರು. ಪತ್ರಿ ಇರಲಿಲ್ಲ, ಕೈಗೆಟುಕಿದ ಟೊಂಗೆಯಿಂದ ಎರಡು ಹಸಿರು ಸೂಜಿಯೆಲೆ ಮುರಿದು ಒಂದೊಂದಕ್ಕೆ ಒಂದೊಂದು ಏರಿಸಿದರು. ಹಾದಿಯಲ್ಲಿ ಹೋಗುವವರು ದನಿ ತಗ್ಗಿಸಿ, ಸುತ್ತು ಹಾಕಿ ದಾಟಿದರು. ಪೂಜೆ ಮುಗಿಸಿ ಬಾಟಲಿ ಎತ್ತಿದವರು ಅದನ್ನು ಕೆಳಗಿಟ್ಟದ್ದು ಪೂರಾ ಬರಿದಾದ ಮೇಲೆಯೇ.

ಚನ್ನಬಸಯ್ಯನವರು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಅವರ ಮುಂದೆ ಹಿಡಿದರು. "ತಗೋರಿ ಅಪ್ಪಾರ. ನಿಮ್ಮ ಮನೀದು ನಿಮ್ಮ ಮನಿಗೆ ಬರಲಿ. ಆವತ್ತೇ ನಾ ಸತ್ತಾಂಗಾಗೇನಿ. ನಂದೇನೈತಿ ಇನ್ನ?"

ರುದ್ರಪ್ಪನವರ ಕೈ ಮುಂದೆ ಹೋಯಿತು. ಬಟ್ಟೆಯ ಮೇಲಿಂದಲೇ ಅವಳ ಹೆಬ್ಬೆರಳಿನ ತಗ್ಗು ತಿಳಿಯಿತು. ಒಯ್ದು ಮನೆಯಲ್ಲಿಟ್ಟುಕೊಳ್ಳಬಹುದು. ದಿನಾ ತಮ್ಮದರ ಜೊತೆಗೆ ನೀರು ಹಾಕಬಹುದು. ಆದರೆ ಎದುರಿಗೆ ಕೂತ ಮನುಷ್ಯನ ಕೊರಳು? ಇವತ್ತು ಸಂಜೆ ಈ ಜಂಗಮ ಏನನ್ನು ಅಂಗೈಯಲ್ಲಿಟ್ಟುಕೊಂಡು ಊಟಕ್ಕೆ ಕೂಡಬೇಕು? ಅವನ ಜೀವದ ಲಿಂಗ ಗಿರಿಜಾಳ ಜೊತೆ ಹೋಗಿದೆ. ಅದನ್ನು ಅವಳಿಂದ ಕಸಿಯಲಿಕ್ಕೆ ಬರುವುದಿಲ್ಲ. ಇದನ್ನು ಇವನಿಂದ ಕಸಿದುಕೊಂಡರೆ ಅದೂ ಇಲ್ಲ, ಇದೂ ಇಲ್ಲ.

ಒಂದು ಬೇಡದ ವಿಚಾರವೂ ಬಂತು. ಬೇರೆಯವರ ಲೋಟದಲ್ಲಿ ನೀರು ಸಹಾ ಕುಡಿಯದವಳು ಅವಳು. ಈಗ ಬೇರೆಯವರ ಲಿಂಗ ಹಿಡಿದುಕೊಂಡು ಕೂತಿದ್ದಾಳೆ. ಶಿವನ ಮುಂದೆ ಯಾರ ಮೇಲೆ ದೂರು ಹೇಳುತ್ತಿದ್ದಾಳೋ!

"ಕಟ್ಕೋರಿ," ಎಂದರು.

"ಅಪ್ಪಾರ?"

"ಕಟ್ಕೋರಿ ಅಂದೆ. ನಿಮ್ಮದು ಅಕೀ ಕಡೆ ಇರೂತನಕ ಅಕೀದು ನಿಮ್ಮ ಕಡೆ ಇರಲಿ. ನೀವು ಹೋದಾಗ ನಿಮ್ಮ ಕೈಯಾಗ ಹೋಗಲಿ. ಆವತ್ತ ಇಡಾವರಿಗೆ ಚಷ್ಮಾ ಹಾಕ್ಕೊಳ್ಳಾಕ ಹೇಳ್ರಿ."

ಚನ್ನಬಸಯ್ಯನವರು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದರು.

"ಮತ್ತ ಬಚ್ಚಲಕ್ಕ ಒಯ್ದರ ನೋಡ್ರಿ," ಎಂದು ರುದ್ರಪ್ಪನವರು ಏಳುತ್ತ ಬೆರಳು ತೋರಿಸಿದರು. "ನಾ ಸುಮ್ಮನಿರೂ ಪೈಕಿ ಅಲ್ಲ."

ತಿರುವಿನಲ್ಲಿ ವೇಣುಗೋಪಾಲರು ಕಾಯುತ್ತಿದ್ದರು. "ರಾಜಿ ಆಯ್ತಾ? ಮೇಲಕ್ಕೋ, ಕೆಳಕ್ಕೋ?"

"ಮ್ಯಾಲಕ್ಕ," ಎಂದರು ರುದ್ರಪ್ಪನವರು. "ಟಿಕೆಟ್ ತಗಸಿದಾಕೀಗೆ ಏನಂತ ಹೇಳ್ಲಿ ಇಲ್ಲಾಂದ್ರ?"

ಮೇಲೆ, ಹಾದಿ ಮುಗಿಯುವಲ್ಲಿದ್ದ ಸರೋವರ ಇನ್ನೂ ಅರ್ಧ ಹೆಪ್ಪುಗಟ್ಟಿಯೇ ಇತ್ತು. ರತ್ನಾ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದರು. ಏನಾಯಿತೆಂದು ಅವರು ಕೇಳಲಿಲ್ಲ. ಇಳಿಯುವಾಗ ರುದ್ರಪ್ಪನವರು ಅಯ್ಯನವರ ಹಿಂದೆಯೇ ನಡೆದರು. ಜಾರುವ ಕಡೆಯಲ್ಲೆಲ್ಲ, "ನೋಡ್ಕೊಂಡು ಇಡ್ರಿ ಕಾಲು, ಕೊರಳಾಗ ಏನೈತಿ ಅನ್ನೂ ಖಬರಿರಲಿ," ಎಂದು ಎಚ್ಚರಿಸಿದರು.

ಪಿಕರಿಂಗ್‌ಗೆ ಮರಳಿದ ಮೇಲೆ ರುದ್ರಪ್ಪನವರು ಊಟ ಬಿಟ್ಟು ಏಳುವುದು ನಿಂತಿತು. ಆದರೆ ಸಂಶಯವೆಂಬುದು ಒಮ್ಮೆ ಮನೆ ಮಾಡಿಕೊಂಡರೆ ಹೊರಡು ಎಂದ ಕೂಡಲೇ ಹೊರಡುವುದಿಲ್ಲ. ಈಗ ಅದಕ್ಕೆ ಬೇರೆ ಕೆಲಸ ಸಿಕ್ಕಿತು. ಅಯ್ಯನವರು ಸರಿಯಾಗಿ ಪೂಜೆ ಮಾಡುತ್ತಾರೋ ಇಲ್ಲವೋ? ಮಗನ ಮನೆಯಲ್ಲಿ ಮೊಮ್ಮಕ್ಕಳ ಗದ್ದಲ. ಬೇಗ ಬೇಗ ಮುಗಿಸಿ ಎದ್ದರೆ?

ಮೊದಲು ಬರೀ ಫೋನು ಮಾಡುತ್ತಿದ್ದರು. ಆಮೇಲೆ ಮಗಳಿಂದ ವಿಡಿಯೋ ಹಚ್ಚುವುದನ್ನು ಕಲಿತರು. ಈಗ ದಿನಾ ಬೆಳಿಗ್ಗೆ ಫೋನನ್ನು ವಿಭೂತಿಯ ಬಟ್ಟಲಿಗೆ ಒರಗಿಸಿಟ್ಟು, ಇತ್ತ ತಾವು, ಅತ್ತ ಯೂನಿಯನ್‌ವಿಲ್‌ನಲ್ಲಿ ಚನ್ನಬಸಯ್ಯನವರು. ಅಪ್ಪ ಸ್ನೇಹಿತರ ಜೊತೆ ಆನ್‌ಲೈನ್ ಪೂಜೆ ಮಾಡುತ್ತಾರೆ ಎಂದು ದ್ರಾಕ್ಷಾಯಿಣಿ ಆಫೀಸಿನವರಿಗೆಲ್ಲ ಹೇಳಿ ಹೆಮ್ಮೆಪಡುತ್ತಾಳೆ.

"ಅಯ್ಯಾರ, ಕೈ ಒಂಚೂರು ಮ್ಯಾಲ ಹಿಡೀರಿ. ಕಾಣವಲ್ದು."

"ಹಿಡದೀನ್ರಿ."

"ವಿಭೂತಿ ಭಾಳ ಆತು. ಅಕೀಗೆ ಅಷ್ಟು ಸೇರ್ತಿರಲಿಲ್ಲ."

"ಒರಸ್ತೀನ್ರಿ."

"ನೀರು?"

"ಹಾಕೀನ್ರಿ ಅಪ್ಪಾರ, ನಿಮ್ಮ ಮುಂದೇ ಹಾಕಿದ್ನಲ್ಲ."

"ನಾ ನೋಡಲಿಲ್ಲ. ಇನ್ನೊಮ್ಮೆ ಹಾಕ್ರಿ."

ಅಯ್ಯನವರು ತಂಬಿಗೆ ಎತ್ತಿದರು. ರುದ್ರಪ್ಪನವರು ಕನ್ನಡಕ ಮೇಲೆ ಸರಿಸಿ, ಪರದೆಯ ಹತ್ತಿರಕ್ಕೆ ಬಗ್ಗಿ, ನೀರು ಬೀಳುವುದನ್ನು ಕಣ್ಣು ಕಿರಿದು ಮಾಡಿಕೊಂಡು ನೋಡಿದರು.